ಎಸ್‌ಜಿಒಟಿ ಏರಿದೆ, ನಿನ್ನೆ ಏನು ಎತ್ತಿದ್ದಿರಿ?

ಔರಾದ್ ತಾಲ್ಲೂಕಿನ ಚಿಂತಾಕಿ ಕಡೆಯ ಹುಡುಗರು ಕಂಪನಿ ಕೆಲಸಕ್ಕೆಂದು ಹೊರಟರೆ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶ ಇದೆ, ಅದು ಬೇಡವೆಂದರೆ ಹೈದರಾಬಾದ್. ಕಂಪನಿ ತುಸು ದೊಡ್ಡದಾದರೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಯೂ ಉಂಟು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟ ಮರುದಿನ ವರದಿ ಮೊಬೈಲಿಗೇ ಬರುತ್ತದೆ. ಶುಗರ್ ಇಲ್ಲವೆಂದು ನಿರಾಳವಾಗುವಷ್ಟರಲ್ಲಿ ಎಲ್‌ಎಫ್‌ಟಿ ಎಂಬ ಲಿವರ್ ಪರೀಕ್ಷೆಯ ಪುಟ: ಎಸ್‌ಜಿಒಟಿ 78 ಎಂದಿಟ್ಟುಕೊಳ್ಳಿ, ಪಕ್ಕದಲ್ಲಿ ದಪ್ಪಗೆ ‘ಎಚ್’. ಮನೆಯಲ್ಲಿ ಗುಸುಗುಸು ಶುರು. ಕುಡಿತಾನೇನು? ಕಾಮಣಿ ಆಗ್ಯಾದೇನು?

ಎರಡೂ ಇಲ್ಲದಿರಬಹುದು. ಎಸ್‌ಜಿಒಟಿ ಲಿವರಿನ ಸ್ವಂತ ಆಸ್ತಿಯೇನಲ್ಲ. ಸ್ನಾಯು, ಹೃದಯ, ಕೆಂಪು ರಕ್ತಕಣಗಳಲ್ಲೂ ಇರುವ ಕಿಣ್ವ. 1954ರಲ್ಲಿ ವೈದ್ಯರು ಅದರ ಏರಿಕೆಯನ್ನು ಮೊದಲು ಗುರುತಿಸಿದ್ದೇ ಹೃದಯಾಘಾತವಾದವರ ರಕ್ತದಲ್ಲಿ. ರೂಢಿಯಿಲ್ಲದೆ ಭಾರ ಎತ್ತಿದವರಲ್ಲಿ, ಹೊಸದಾಗಿ ಜಿಮ್ ಸೇರಿದವರಲ್ಲಿ ಅದು ಏರಿ, ವಾರ ಕಳೆದರೂ ಇಳಿಯದಿರಬಹುದು. ಸಿಪಿಕೆ ಎಂಬ ಇನ್ನೊಂದು ಪರೀಕ್ಷೆ ಮಾಡಿಸಿದರೆ ಸ್ನಾಯುವಿನ ಪಾಲು ತಿಳಿಯುತ್ತದೆ. ಅದೇ ಪುಟದಲ್ಲಿರುವ, ಕಾಮಾಲೆಯ ಹಳದಿ ಬಣ್ಣದ ಬಿಲಿರುಬಿನ್‌ನದು ಬೇರೆಯೇ ತಮಾಷೆ. ಗಿಲ್ಬರ್ಟ್ ಎಂಬ ನಿರುಪದ್ರವಿ ಹುಟ್ಟುಗುಣ ಇರುವವರಿಗೆ ಉಪವಾಸವೇ ಅದನ್ನು ಏರಿಸುತ್ತದೆ. ತಪಾಸಣೆಗೆ ಬರುವವರೋ, ರಾತ್ರಿಯಿಂದ ಉಪವಾಸ!

ಅಂಕಿ ಸರಿಯಿದ್ದವರು ಬೀಗುವಂತೆಯೂ ಇಲ್ಲ. ಹೈದರಾಬಾದಿನ 345 ಐಟಿ ಉದ್ಯೋಗಿಗಳ ಕುರಿತು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 84 ಮಂದಿಯ ಲಿವರಿನಲ್ಲಿ ಕೊಬ್ಬು ಕಂಡಿತ್ತು. ಲಿವರಿಗೆ ಕೊಬ್ಬು ಕೂತಿದ್ದರೂ ಅದೇ ಪುಟದ ಇನ್ನೊಂದು ಕಿಣ್ವ ಎಸ್‌ಜಿಪಿಟಿ 40ರೊಳಗೇ ಇರುವುದು ಅಪರೂಪವಲ್ಲ. ಕುರ್ಚಿಯಲ್ಲೇ ದಿನ ಕಳೆಯುವವರಿಗೆ ಸೊಂಟದ ಅಳತೆ ತೆಗೆಯುವ ಟೇಪು ಈ ಅಂಕಿಗಿಂತ ಬೇಗ ಎಚ್ಚರಿಸೀತು.

ಕಾರ್ಖಾನೆಯ ಮಾತು ಬೇರೆ. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ 41ಸಿ ಕಲಮು ಸೇರಿತು. ಅಪಾಯಕಾರಿ ಪ್ರಕ್ರಿಯೆಯ ಕೆಲಸಕ್ಕೆ ಹಚ್ಚುವ ಮೊದಲು ಒಮ್ಮೆ, ಆಮೇಲೆ 12 ತಿಂಗಳು ಮೀರದಂತೆ ವೈದ್ಯಕೀಯ ತಪಾಸಣೆ ಆಗಬೇಕು, ಆರೋಗ್ಯ ದಾಖಲೆ ಕಾರ್ಮಿಕನಿಗೂ ಸಿಗಬೇಕು ಎಂದು ಅದು ಹೇಳಿತು. ವಿಷವಸ್ತುಗಳಿಂದಾಗುವ ಕಾಮಾಲೆ ಅದೇ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಯಾಗಿತ್ತು. ಔಷಧ ಉದ್ಯಮದಲ್ಲಿ ಬಳಕೆಯಲ್ಲಿರುವ ಡಿಎಂಎಫ್‌ನಂಥ ದ್ರಾವಕ ಚರ್ಮದ ಮೂಲಕವೂ ಮೈಯೊಳಗಿಳಿದು ಲಿವರನ್ನು ಕೆಡಿಸಬಲ್ಲದು. ಅದಕ್ಕೇ ಕೆಲಸಕ್ಕೆ ಸೇರುವ ಮೊದಲಿನ ವರದಿಗೆ ಬೆಲೆ. ಆಗ 22 ಇದ್ದ ಎಸ್‌ಜಿಪಿಟಿ ಈಗ 39 ಆಗಿದ್ದರೆ ಲ್ಯಾಬಿನವರು ‘ನಾರ್ಮಲ್’ ಎಂದೇ ಬರೆಯುತ್ತಾರೆ. ಹಳೆಯ ಹಾಳೆ ಕೈಯಲ್ಲಿರುವ ವೈದ್ಯರು ಮಾತ್ರ ಮುಂದಿನ ಪ್ರಶ್ನೆ ಕೇಳುತ್ತಾರೆ. ಗುತ್ತಿಗೆದಾರ ಬದಲಾದೊಡನೆ ಕಳೆದುಹೋಗುವುದೂ ಅದೇ ಹಾಳೆ.

ತಪಾಸಣೆಯ ಫಾರ್ಮಿನಲ್ಲಿ ಬೀಡಿ, ಸಿಗರೇಟು, ಮದ್ಯದ ಪ್ರಶ್ನೆ ತಪ್ಪುವುದಿಲ್ಲ. ನಿನ್ನೆ ಎಷ್ಟು ಚೀಲ ಎತ್ತಿದಿರಿ, ಯಾವ ಡ್ರಮ್ಮಿನ ಬಳಿ ನಿಲ್ಲುತ್ತೀರಿ, ಮೈಕೈ ನೋವಿಗೆ ಯಾವ ಮಾತ್ರೆ, ಯಾವ ಕಷಾಯ ಎಂದೂ ಕೇಳಬೇಕಿತ್ತು. ಕೇಳದಿದ್ದರೆ ನೀವೇ ಹೇಳಿ. ಕಣ್ಣು ಹಳದಿಯಾಗಿದ್ದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಏರಿಕೆ ಅಲ್ಪವಾಗಿದ್ದು ಬೇರೇನೂ ತೊಂದರೆ ಇಲ್ಲದಿದ್ದರೆ ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಬಿಟ್ಟು ಮತ್ತೆ ರಕ್ತ ಕೊಡಿ; ಹೆಪಟೈಟಿಸ್ ಬಿ, ಸಿ ಪರೀಕ್ಷೆ ಬೇಕೇ ಎಂದೂ ವಿಚಾರಿಸಿ. ಹೋಗುವಾಗ ಹಳೆಯ ವರದಿಯ ಜೊತೆ ಡ್ರಮ್ಮಿನ ಮೇಲಿನ ಲೇಬಲ್ಲಿನ ಫೋಟೊ ಮೊಬೈಲಿನಲ್ಲಿರಲಿ.