ಸಿಂಪರಣಾ ಪಂಪಿನ ಮನೆ ರಿಪೇರಿ ಮತ್ತು ಬಿಡಿಭಾಗಗಳ ಆಯ್ಕೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗೆ ಬೋರ್ಡೋ ದ್ರಾವಣದ ತಯಾರಿಕೆಯನ್ನು ಹೊಸದಾಗಿ ಹೇಳಿಕೊಡುವ ಅಗತ್ಯವಿಲ್ಲ. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್ ಎಂಬುದು ಮನೆಯ ಮಕ್ಕಳಿಗೂ ಗೊತ್ತು. ಆದರೆ ಈ ದ್ರಾವಣವನ್ನು ಅಡಿಕೆ ಗೊನೆಯವರೆಗೆ ತಲುಪಿಸುವ ಪಂಪಿನ ವಿಷಯದಲ್ಲಿ ಇಷ್ಟೇ ತಿಳಿವಳಿಕೆ ಇದೆಯೆಂದು ಹೇಳಲಾಗದು. ಮಳೆಗಾಲದ ಕೊನೆಯಲ್ಲಿ ಸರಿಯಾಗಿ ತೊಳೆಯದೆ ಅಟ್ಟಕ್ಕೆ ಏರಿಸಿದ ಪಂಪು ಮುಂದಿನ ಮೇ ತಿಂಗಳ ಅಂತ್ಯದಲ್ಲಿ, ಕೊನೆಗೌಡನು ಅಂಗಳಕ್ಕೆ ಬಂದು ನಿಂತ ದಿನವೇ ಕೆಳಗಿಳಿಯುತ್ತದೆ. ಆಗ ವಾಷರ್ ಒಣಗಿರುತ್ತದೆ, ಬೋಲ್ಟು ತುಕ್ಕು ಹಿಡಿದಿರುತ್ತದೆ, ನಾಝಲ್ ಕಟ್ಟಿರುತ್ತದೆ.

ಕೊಳೆರೋಗದ ನಿಯಂತ್ರಣದಲ್ಲಿ ಔಷಧಿಯಷ್ಟೇ ಮುಖ್ಯವಾದದ್ದು ವೇಳೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ಕುರಿತು ತಮ್ಮ ವರದಿಯನ್ನು ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಬೋರ್ಡೋ ದ್ರಾವಣವೇ ಬೆಳೆಗಾರರ ಮುಖ್ಯ ಆಸರೆಯಾಗಿ ಉಳಿದಿದೆ. ಆದರೆ ಅದು ರೋಗ ಬಾರದಂತೆ ತಡೆಯುವ ಔಷಧಿಯೇ ಹೊರತು ಬಂದ ರೋಗವನ್ನು ವಾಸಿ ಮಾಡುವುದಲ್ಲ. ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅಲ್ಲಿಂದ 40-45 ದಿನಗಳಿಗೆ ಎರಡನೆಯ ಬಾರಿ, ಮಳೆ ಮುಂದುವರಿದರೆ ಮೂರನೆಯ ಬಾರಿ ಸಿಂಪರಣೆ ಆಗಬೇಕು. ಎರಡನೆಯ ಸಿಂಪರಣೆ ಬರುವುದು ಜುಲೈ ತಿಂಗಳ ಜಡಿಮಳೆಯ ನಡುವೆ. ಆಗ ಸಿಗುವ ಹೊಳವು ಅರ್ಧ ದಿನದ್ದು. ಆ ಅರ್ಧ ದಿನದಲ್ಲಿ ಪಂಪು ಕೆಟ್ಟರೆ, ಸಿದ್ದಾಪುರದ ಅಥವಾ ಯಲ್ಲಾಪುರದ ಒಳ ಹಳ್ಳಿಯಿಂದ ಬಸ್ಸು ಹಿಡಿದು ಶಿರಸಿಗೆ ಹೋಗಿ, ಬಿಡಿಭಾಗ ಸಿಗದೆ ಹುಬ್ಬಳ್ಳಿಗೆ ಹೇಳಿ ಕಳುಹಿಸಿ, ಅದು ಬರುವಷ್ಟರಲ್ಲಿ ವಾರ ಕಳೆಯುತ್ತದೆ. ಕೊನೆಗೌಡನು ಅಷ್ಟರೊಳಗೆ ಬೇರೆ ತೋಟಕ್ಕೆ ಹೋಗಿರುತ್ತಾನೆ. ಮಲೆನಾಡು ಮತ್ತು ಕರಾವಳಿಯಲ್ಲಿ ಕೊಳೆರೋಗ ತೀವ್ರವಾಗಿದ್ದ 2013ರಂತಹ ವರ್ಷದಲ್ಲಿ ಒಂದು ವಾರದ ತಡವು ಇಡೀ ತೋಟದ ಫಸಲಿನ ಪ್ರಶ್ನೆಯಾಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ವಾಷರಿಗಾಗಿ ಇಷ್ಟು ನಷ್ಟ ಆಗಬೇಕಾಗಿಲ್ಲ.

ಮನೆಯಲ್ಲಿಯೇ ರಿಪೇರಿ ಮಾಡಿಕೊಳ್ಳುವ ರೂಢಿ ಈ ಭಾಗದಲ್ಲಿ ಚೆನ್ನಾಗಿಯೇ ಇದೆ. ತೊಂದರೆ ಇರುವುದು ಕೈಗೆ ಸಿಕ್ಕಿದ್ದನ್ನು ಹಾಕುವುದರಲ್ಲಿ. ಬಿಡಿಭಾಗವು ಅಳತೆಗೆ ಕೂತರೆ ಸಾಲದು, ಅದು ಯಾವ ವಸ್ತುವಿನಿಂದ ಆದದ್ದು ಎಂಬುದನ್ನೂ ನೋಡಬೇಕು.

ಲೋಹದ ಪಾಠ ಚಾಕುವಿನಲ್ಲಿದೆ

ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಉಜ್ಜಿದ ಚಾಕುವನ್ನು ಒಂದು ನಿಮಿಷ ಅದರಲ್ಲಿ ಅದ್ದುವುದು ಎಲ್ಲರಿಗೂ ತಿಳಿದ ಪರೀಕ್ಷೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ಅರ್ಥ. ಆ ಕೆಂಪು ಬಣ್ಣ ತಾಮ್ರದ್ದು. ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರವು ಕಬ್ಬಿಣದ ಮೇಲೆ ಕೂರುವಾಗ ಅಷ್ಟೇ ಲೆಕ್ಕದ ಕಬ್ಬಿಣವು ಕರಗಿ ದ್ರಾವಣಕ್ಕೆ ಇಳಿಯುತ್ತದೆ. ಚಾಕುವಿನಲ್ಲಿ ಒಂದು ನಿಮಿಷ ನಡೆಯುವ ಈ ಕ್ರಿಯೆಯೇ ಪಂಪಿನೊಳಗೆ ಹಾಕಿದ ಕಬ್ಬಿಣದ ಬೋಲ್ಟಿನಲ್ಲಿ ದಿನವಿಡೀ ನಡೆಯಬಲ್ಲದು. ಹಿತ್ತಾಳೆಯ ವಾಲ್ವ್ ಸೀಟು ಸವೆದಾಗ ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಕಬ್ಬಿಣದ ಸೀಟು ತಂದು ಹಾಕಿದವರು ಒಂದೇ ಮಳೆಗಾಲದಲ್ಲಿ ಅದು ತಿಂದುಹೋಗುವುದನ್ನು ಕಾಣುತ್ತಾರೆ. ಹಿತ್ತಾಳೆ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿಕೊಂಡು ಒದ್ದೆಯಲ್ಲಿದ್ದರೆ ಕಬ್ಬಿಣದ ಸವೆತ ಇನ್ನೂ ಬೇಗ. ಸತುವಿನ ಲೇಪ ಕೊಟ್ಟ ಜಿ.ಐ. ಪೈಪಿನ ತುಂಡುಗಳದ್ದೂ ಇದೇ ಕಥೆ, ಏಕೆಂದರೆ ಅದರ ಮೇಲಿನ ಸತುವನ್ನು ತಾಮ್ರವು ಕಬ್ಬಿಣಕ್ಕಿಂತ ಮೊದಲು ತಿನ್ನುತ್ತದೆ. ಅಲ್ಯೂಮಿನಿಯಂ ಅಂತೂ ಬೇಡವೇ ಬೇಡ. ಅದನ್ನು ತಾಮ್ರವೂ ತಿನ್ನುತ್ತದೆ, ಸುಣ್ಣದ ಕ್ಷಾರವೂ ತಿನ್ನುತ್ತದೆ. ದ್ರಾವಣ ತಾಗುವ ಕಡೆ ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಗಟ್ಟಿ ಪ್ಲಾಸ್ಟಿಕ್ ಮಾತ್ರ ಇರಲಿ. ದ್ರಾವಣ ತಾಗದ ಹಿಡಿಕೆ, ಚೌಕಟ್ಟು, ಕಾಲುಗಳಿಗೆ ಊರಿನ ಆಚಾರಿಯ ಕಬ್ಬಿಣದ ಕೆಲಸ ಧಾರಾಳವಾಗಿ ಸಾಕು.

ಚರ್ಮ ಮತ್ತು ರಬ್ಬರ್

ಹಳೆಯ ರಾಕರ್ ಪಂಪು ಮತ್ತು ಫುಟ್ ಪಂಪುಗಳಲ್ಲಿ ಚರ್ಮದ ಬಕೆಟ್ ವಾಷರ್ ಇರುವುದು ಸಾಮಾನ್ಯ. ಎಂಟು ತಿಂಗಳು ಅಟ್ಟದಲ್ಲಿದ್ದ ಚರ್ಮವು ಒಣಗಿ ಕುಗ್ಗುತ್ತದೆ. ಇದು ಕೆಟ್ಟಿದೆಯೆಂದು ಎಸೆಯುವ ಮೊದಲು ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಸಿ ನೋಡಬೇಕು. ಅಂಚು ಸೀಳಿರದಿದ್ದರೆ ಅನೇಕ ಸಲ ಅದು ಮತ್ತೆ ಮೆತ್ತಗಾಗಿ ಕೊಳವೆಯ ಗೋಡೆಗೆ ಸರಿಯಾಗಿ ಒತ್ತಿ ಕೂರುತ್ತದೆ.

ಟಯರಿನ ಹಳೆಯ ಟ್ಯೂಬಿನಿಂದ ವಾಷರ್ ಕತ್ತರಿಸಿಕೊಳ್ಳುವುದು ಇನ್ನೊಂದು ರೂಢಿ. ನೀರು ಮತ್ತು ಬೋರ್ಡೋ ದ್ರಾವಣ ಹಾಯುವ ಜೋಡಣೆಗಳಿಗೆ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಎಂಜಿನ್ ಆಯಿಲ್, ಪೆಟ್ರೋಲ್ ಅಥವಾ ಸೀಮೆಎಣ್ಣೆ ತಾಗುವ ಕಡೆ ಟ್ಯೂಬಿನ ರಬ್ಬರ್ ಉಬ್ಬಿ ಲೊಳೆಯಾಗುತ್ತದೆ. ಅಲ್ಲಿ ನೈಟ್ರೈಲ್ ರಬ್ಬರಿನ ಸೀಲುಗಳನ್ನೇ ಬಳಸಬೇಕು. ಈಚೆಗೆ ಹೆಚ್ಚಾಗಿ ಬಳಕೆಯಲ್ಲಿರುವ ಮೂರು ಪಿಸ್ಟನ್ನಿನ ಎಚ್.ಟಿ.ಪಿ. ಪಂಪುಗಳಲ್ಲಿ ಒಂದು ಬದಿಗೆ ಆಯಿಲ್, ಮತ್ತೊಂದು ಬದಿಗೆ ದ್ರಾವಣ ಇರುವುದರಿಂದ ಈ ಎಚ್ಚರ ಅವಶ್ಯ. ಈ ಪಂಪುಗಳ ಪ್ಯಾಕಿಂಗ್ ತಂಪಾಗಿ ಇರುವುದು ಅದರಲ್ಲಿ ಹಾಯುವ ದ್ರಾವಣದಿಂದಲೇ. ಡ್ರಮ್ಮು ಬರಿದಾದ ಮೇಲೂ ಎಂಜಿನ್ ಓಡುತ್ತಿದ್ದರೆ ಹೊಸ ಪ್ಯಾಕಿಂಗ್ ಕೂಡ ಸುಟ್ಟುಹೋಗುತ್ತದೆ. ಡ್ರಮ್ಮಿನ ಹತ್ತಿರ ಒಬ್ಬರು ನಿಲ್ಲುವುದು ವಾಷರ್ ಕೊಳ್ಳುವುದಕ್ಕಿಂತ ಅಗ್ಗ.

ನಾಝಲಿಗೆ ಮೊಳೆ ಬೇಡ

ನಾಝಲ್ ಕಟ್ಟಿದಾಗ ಕೊನೆಗೌಡನು ಮರದ ಮೇಲಿಂದಲೇ ತಂತಿಯನ್ನೋ ಮೊಳೆಯನ್ನೋ ಕೇಳುತ್ತಾನೆ. ಕೊಡಬಾರದು. 1 ಮಿ.ಮೀ. ತೂತು ಸವೆದು 1.4 ಮಿ.ಮೀ. ಆದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ತೂತಿನ ವಿಸ್ತೀರ್ಣ ಸುಮಾರು ಎರಡು ಪಟ್ಟಾಗಿರುತ್ತದೆ. ಅದೇ ಒತ್ತಡದಲ್ಲಿ ಹೆಚ್ಚುಕಡಿಮೆ ಇಮ್ಮಡಿ ದ್ರಾವಣ ಖರ್ಚಾಗುತ್ತದೆ, ಹನಿ ದಪ್ಪವಾಗಿ ಕಾಯಿಯ ಮೇಲೆ ನಿಲ್ಲದೆ ಜಾರುತ್ತದೆ. ಹಿಡಿಕಡ್ಡಿ ಅಥವಾ ಬ್ರಷ್ಷಿನ ಎಳೆಯಿಂದ ಚುಚ್ಚಿ, ಹಿಂಬದಿಯಿಂದ ನೀರು ಬಿಟ್ಟು ತೊಳೆಯಬೇಕು. ನಾಝಲ್ ಪದೇ ಪದೇ ಕಟ್ಟುತ್ತಿದ್ದರೆ ದೋಷ ಅದರದ್ದಲ್ಲ, ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸದೆ ಇರುವುದರದ್ದು. ಸೋಸದ ಸುಣ್ಣದ ಮರಳೇ ವಾಲ್ವ್, ವಾಷರ್, ನಾಝಲ್ ಎಲ್ಲವನ್ನೂ ಅರೆಯುತ್ತದೆ. ನಾಝಲಿನ ಬಿಲ್ಲೆ ಮಾತ್ರ ವರ್ಷಕ್ಕೊಮ್ಮೆ ಹೊಸದು ಹಾಕುವುದು ಒಳ್ಳೆಯದು.

ಬಿಚ್ಚುವ ಮೊದಲು

ಒತ್ತಡ ಬರುತ್ತಿಲ್ಲವೆಂದರೆ ಹೆಚ್ಚಿನವರು ಮೊದಲು ಸಿಲಿಂಡರನ್ನೇ ಬಿಚ್ಚುತ್ತಾರೆ. ನೋಡಬೇಕಾದ ಕ್ರಮ ಬೇರೆ. ಮೊದಲು ಡ್ರಮ್ಮಿನಲ್ಲಿ ಮುಳುಗಿರುವ ಜಾಲರಿ, ಅನಂತರ ಹೀರು ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿದೆಯೇ ಎಂಬುದು, ಆಮೇಲೆ ವಾಲ್ವಿನ ಗುಂಡು, ಕೊನೆಯಲ್ಲಿ ವಾಷರ್. ರಾಕರ್ ಪಂಪಿನ ಹಿಡಿಕೆಯೇ ಅರ್ಧ ರೋಗವನ್ನು ಹೇಳುತ್ತದೆ. ಒತ್ತಿ ಬಿಟ್ಟ ಹಿಡಿಕೆ ತಾನಾಗಿಯೇ ಹಿಂದಕ್ಕೆ ಬಂದರೆ ಹೊರಬಿಡುವ ವಾಲ್ವಿನ ಗುಂಡಿನ ಕೆಳಗೆ ಸುಣ್ಣದ ಕಾಳು ಸಿಕ್ಕಿದೆಯೆಂದು ತಿಳಿಯಬೇಕು. ಹಿಡಿಕೆ ಯಾವ ಭಾರವೂ ಇಲ್ಲದೆ ಆಡಿದರೆ ಹೀರುವ ಬದಿಯಲ್ಲಿ ದೋಷವಿದೆ. ಪ್ರತಿ ಹೊಡೆತಕ್ಕೂ ಹೋಸು ಎಗರಿ ಎಗರಿ ಬಿದ್ದರೆ ಗಾಳಿಯ ಗಡಿಗೆಯಲ್ಲಿ ಗಾಳಿಯ ಬದಲು ದ್ರಾವಣ ತುಂಬಿದೆ, ಅದನ್ನು ಬಸಿದರೆ ಸಾಕು, ಯಾವ ಬಿಡಿಭಾಗವೂ ಬೇಕಿಲ್ಲ. ಯಾವುದನ್ನು ಬಿಚ್ಚುವುದಾದರೂ ಮೊದಲು ನಾಝಲ್ ತೆರೆದು ಒತ್ತಡ ಪೂರ್ತಿ ಇಳಿಸಿಕೊಳ್ಳಬೇಕು.

ಪೇಟೆಯಲ್ಲಿ ಕೇಳುವ ಕ್ರಮ

ಬಿಡಿಭಾಗಗಳಲ್ಲಿ ಎರಡು ಜಾತಿ. ಎಲ್ಲ ಕಾರ್ಖಾನೆಗಳಿಗೂ ಒಂದೇ ಅಳತೆ ಇರುವಂಥವು, ಮತ್ತು ಆಯಾ ಪಂಪಿಗೆ ಮಾತ್ರ ಹೊಂದುವಂಥವು. ಬೇರಿಂಗು, ಬೆಲ್ಟು, ಆಯಿಲ್ ಸೀಲು ಮೊದಲ ಜಾತಿಯವು. ಇವುಗಳಿಗೆ ಕಂಪನಿಯ ಹೆಸರು ಹಿಡಿದು ಊರೂರು ಅಲೆಯುವ ಅಗತ್ಯವಿಲ್ಲ, ಮೈಮೇಲಿನ ಸಂಖ್ಯೆ ಓದಿದರೆ ಯಾವ ಮೋಟಾರು ಅಂಗಡಿಯಲ್ಲಾದರೂ ಸಿಗುತ್ತವೆ. 6203 ಎಂಬ ಬೇರಿಂಗಿನ ಒಳಗಿನ ತೂತು 17 ಮಿ.ಮೀ., 6204ರದ್ದು 20, 6205ರದ್ದು 25. ಸಂಖ್ಯೆಯ ಮುಂದೆ ಝಡ್ ಝಡ್ ಎಂದಿದ್ದರೆ ಎರಡೂ ಬದಿಗೆ ತಗಡಿನ ಮುಚ್ಚಳ, 2 ಆರ್.ಎಸ್. ಎಂದಿದ್ದರೆ ರಬ್ಬರಿನದು. ಈ ಮಳೆಯ ನಾಡಿಗೆ ರಬ್ಬರಿನದೇ ಲೇಸು. ಬಿ 52 ಎಂಬ ಬೆಲ್ಟು 17 ಮಿ.ಮೀ. ಅಗಲದ್ದು, ಒಳ ಸುತ್ತಳತೆ 52 ಅಂಗುಲ. ಆಯಿಲ್ ಸೀಲಿನ ಮೇಲೆ 20-35-7 ಎಂದಿದ್ದರೆ ಕ್ರಮವಾಗಿ ಒಳ ವ್ಯಾಸ, ಹೊರ ವ್ಯಾಸ ಮತ್ತು ದಪ್ಪ ಮಿ.ಮೀ.ಗಳಲ್ಲಿ. ಈ ಸಂಖ್ಯೆಗಳು ಸವೆದು ಅಳಿಸುವ ಮೊದಲೇ ಪಂಪಿನ ಪೆಟ್ಟಿಗೆಯ ಒಳಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದಿಡಬೇಕು.

ಬಕೆಟ್ ವಾಷರ್, ವಾಲ್ವ್ ಸೀಟು, ಪಿಸ್ಟನ್ ಪ್ಯಾಕಿಂಗ್, ಟ್ರಿಗರ್ ಇವು ಎರಡನೆಯ ಜಾತಿ. ಮಾದರಿ ಬದಲಾದಂತೆ ಇವು ಬದಲಾಗುತ್ತವೆ, ಹಳೆಯ ಮಾದರಿಯವು ಅಂಗಡಿಯಿಂದ ಮರೆಯಾಗುತ್ತವೆ. ಆದುದರಿಂದ ಪ್ರತಿಯೊಂದರ ಎರಡು ಜೊತೆಯನ್ನು ಏಪ್ರಿಲಿನಲ್ಲಿಯೇ ತಂದಿಟ್ಟುಕೊಳ್ಳಬೇಕು. ಅಂಗಡಿಗೆ ಹಳೆಯ ತುಂಡನ್ನು ಒಯ್ಯುವುದು ಎಲ್ಲಕ್ಕಿಂತ ಖಚಿತ. ಮೊಬೈಲಿನಲ್ಲಿ ಚಿತ್ರ ಕಳುಹಿಸುವವರು ತುಂಡಿನ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಬೇಕು. ಮರೆಯ ಸುತ್ತುಗಳಲ್ಲಿ ಮೋಸಹೋಗುವವರು ಬಹಳ. ಅರ್ಧ ಅಂಗುಲದ ಪೈಪಿನ ಮರೆಯ ಹೊರ ವ್ಯಾಸ ಅರ್ಧ ಅಂಗುಲವಲ್ಲ, ಸುಮಾರು 21 ಮಿ.ಮೀ. ಸ್ಕೇಲಿನಿಂದ ಅಳೆದು ಮುಕ್ಕಾಲು ಅಂಗುಲದ್ದು ಕೊಡಿ ಎಂದು ಕೇಳಿದವರು ಎರಡು ಸಲ ಬಸ್ಸಿನ ಖರ್ಚು ಮಾಡುತ್ತಾರೆ.

ಒಂದು ಕೇರಿಯ ನಾಲ್ಕೈದು ಮನೆಯವರು ಒಂದೇ ಮಾದರಿಯ ಪಂಪು ಕೊಂಡರೆ ಬಿಡಿಭಾಗದ ಅರ್ಧ ಚಿಂತೆ ಅಲ್ಲಿಗೇ ಕಡಿಮೆಯಾಗುತ್ತದೆ. ಪ್ರಾಥಮಿಕ ಸಹಕಾರಿ ಸಂಘಗಳು ಮೈಲುತುತ್ತದ ಜೊತೆಯಲ್ಲಿ ವಾಷರಿನ ಪೊಟ್ಟಣಗಳನ್ನೂ ಇಡಬಹುದಾಗಿದೆ. ವಿಸ್ತರಣಾ ಕಾರ್ಯಕರ್ತರು ಇದನ್ನು ಸಂಘಗಳ ಗಮನಕ್ಕೆ ತರಬೇಕು.

ಮನೆಯಲ್ಲಿ ಮಾಡಬಾರದ ರಿಪೇರಿ

ಎತ್ತರದ ಮರಕ್ಕೆ ದ್ರಾವಣ ತಲುಪಲಿಲ್ಲವೆಂದು ರಿಲೀಫ್ ವಾಲ್ವಿನ ಸ್ಪ್ರಿಂಗಿನ ಕೆಳಗೆ ವಾಷರ್ ಸೇರಿಸಿ ಬಿಗಿ ಮಾಡುವವರಿದ್ದಾರೆ. ಇದು ರಿಪೇರಿಯಲ್ಲ. ಮಿತಿ ಮೀರಿದ ಒತ್ತಡ ಹೊರಹೋಗುವ ದಾರಿಯನ್ನು ಮುಚ್ಚಿದಂತಾಗಿ ಹೋಸು ಒಡೆಯುತ್ತದೆ. ಒಡೆದ ಹೋಸಿನ ಹೊಡೆತ ಐವತ್ತು ಅಡಿ ಮೇಲೆ ಒದ್ದೆ ಮರದಲ್ಲಿ ಕೂತವನ ಹಿಡಿತ ತಪ್ಪಿಸಲು ಸಾಕು. ಸೀಳಿದ ಹೋಸಿಗೆ ತಂತಿ ಸುತ್ತುವುದೂ ಹಾಗೆಯೇ. ಸೀಳಿದ ಭಾಗವನ್ನು ಕತ್ತರಿಸಿ ತೆಗೆದು, ಹಿತ್ತಾಳೆಯ ಜೋಡಣೆ ಹಾಕಿ, ಎರಡೂ ಬದಿಗೆ ಸ್ಕ್ರೂ ಕ್ಲಿಪ್ ಬಿಗಿದು, ನೆಲದ ಮೇಲೆಯೇ ಪೂರ್ತಿ ಒತ್ತಡದಲ್ಲಿ ಹತ್ತು ನಿಮಿಷ ಓಡಿಸಿ ನೋಡಿದ ನಂತರವೇ ಮರಕ್ಕೆ ಏರಿಸಬೇಕು. ಈಚಿನ ವರ್ಷಗಳಲ್ಲಿ ಬಂದಿರುವ ಕಾರ್ಬನ್ ಫೈಬರ್ ದೋಟಿಯು ಮರದಂತೆ ಹಗುರವಾಗಿ ಕಂಡರೂ ವಿದ್ಯುತ್ತನ್ನು ಹರಿಸುತ್ತದೆ. ಅದರ ಲಾಕು ಸಡಿಲವಾಗಿದ್ದರೆ ದೋಟಿ ವಾಲಿ ಲೈನಿಗೆ ತಾಗಬಹುದು. ಸವೆದ ಲಾಕಿಗೆ ಕಾಗದ, ಬಟ್ಟೆ ತುರುಕದೆ ಹೊಸ ಲಾಕನ್ನೇ ಹಾಕಬೇಕು, ತಂತಿ ಹಾದುಹೋದ ಸಾಲುಗಳಲ್ಲಿ ದೋಟಿಯನ್ನು ಎತ್ತಲೇಬಾರದು.

ಕೊನೆಯ ಸಿಂಪರಣೆ ಮುಗಿದ ಸಂಜೆಯೇ ಶುದ್ಧ ನೀರನ್ನು ನಾಝಲಿನಲ್ಲಿ ನೀಲಿ ಬಣ್ಣ ನಿಲ್ಲುವವರೆಗೆ ಹಾಯಿಸಿ, ಒಳಗಿನ ನೀರನ್ನೆಲ್ಲ ಬಸಿದು, ಚರ್ಮದ ವಾಷರಿಗೆ ಎಣ್ಣೆ ಸವರಿ ಇಡಬೇಕು. ಹೋಸನ್ನು ಮಡಿಸದೆ ದೊಡ್ಡ ಸುತ್ತು ಹಾಕಿ, ಅಡಿಗೆ ಮನೆಯ ಹೊಗೆ ತಾಗದ ಕಡೆ, ಇಲಿಗೆ ಎಟುಕದಂತೆ ತೂಗುಹಾಕಬೇಕು.