ಹಳೆಯ ಕಾರಿನ ಏದುಸಿರು

ಬಯಲುಸೀಮೆಯ ಬೇಸಿಗೆ ಎಂತಹುದೆಂಬುದನ್ನು ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ಯುಗಾದಿ ಕಳೆಯಿತೆಂದರೆ ಇಲ್ಲಿನ ಬಂಡೆಬೆಟ್ಟಗಳು ಹಗಲೆಲ್ಲಾ ಕಾದು, ಆ ಕಾವನ್ನು ರಾತ್ರಿಯೆಲ್ಲಾ ನಮಗೆ ಹಿಂದಿರುಗಿಸುವುವು. ಪಾವಗಡದ ತಿರುಮಣಿಯ ಬಳಿ 2018ರಲ್ಲಿ ಆರಂಭವಾದ, 2,050 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಕೇಂದ್ರಕ್ಕೆ ಈ ಬಿಸಿಲೇ ಬಂಡವಾಳವಾಗಿದೆ. ಇಂತಹ ಸೀಮೆಯಲ್ಲಿ ವೃದ್ಧರನ್ನೂ ಹಸುಗೂಸುಗಳನ್ನೂ ಕರೆದೊಯ್ಯುವ ಕಾರಿಗೆ ಎ.ಸಿ. ಎಂಬುದು ವೈಭೋಗವಲ್ಲ, ಅವಶ್ಯವಾದ ಸೌಕರ್ಯ. ಆದರೆ ಕಾರು ಹಳೆಯದಾದರೆ ಆ ಸೌಕರ್ಯವೇ ಒಂದು ಸಂಕಟಕ್ಕೆ ಕಾರಣವಾಗುವುದುಂಟು. ನಮ್ಮ ಮನೆಯಲ್ಲಿ ನಡೆದುದನ್ನೇ ಮೊದಲು ಹೇಳುವೆವು.

ಕಳೆದ ಬೇಸಿಗೆಯ ಒಂದು ಶನಿವಾರ ನಾವು ಎಂಬತ್ತು ದಾಟಿದ ತಾಯಿಯವರೊಡನೆ ಕೊರಟಗೆರೆಯಿಂದ ಪಾವಗಡದ ಶನೈಶ್ಚರಸ್ವಾಮಿಯ ದರ್ಶನಕ್ಕೆ ಹೊರಟೆವು. ನಮ್ಮದು ಇಪ್ಪತ್ತು ವರ್ಷ ದಾಟಿದ ಸಣ್ಣ ಪೆಟ್ರೋಲು ಕಾರು. ಓಡುವಾಗ ಯಾವ ತೊಂದರೆಯೂ ಇರಲಿಲ್ಲ. ಗುಡಿಯ ಬೀದಿಯಲ್ಲಿ ಜನಸಂದಣಿಯ ನಡುವೆ ನಿಂತು ನಿಂತು ಸಾಗಬೇಕಾದಾಗ ಮಾತ್ರ, ಎ.ಸಿ.ಯು ‘ಟಕ್’ ಎಂದು ಹತ್ತಿಕೊಂಡೊಡನೆ ಯಂತ್ರದ ವೇಗ ಕುಸಿಯಿತು. ಸ್ಟಿಯರಿಂಗು ಜ್ವರ ಬಂದವರ ಕೈಯಂತೆ ನಡುಗಿತು. ಮರುಕ್ಷಣ ಗಾಡಿಯು ನಿಂತುಹೋಯಿತು. ಮೂರು ಬಾರಿ ಹೀಗಾಯಿತು. “ಅದನ್ನು ಆರಿಸಿಬಿಡಪ್ಪಾ, ನನಗೇನೂ ಸೆಕೆಯಿಲ್ಲ” ಎಂದರು ನಮ್ಮ ತಾಯಿ. ಅವರ ಹಣೆಯಿಂದ ಬೆವರು ಇಳಿಯುತ್ತಿದ್ದಿತು.

ಹಿಂದಿರುಗುವಾಗ ಮಿಡಿಗೇಶಿಯನ್ನು ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ, ಮುಂದೆ ನಿಂತಿದ್ದ ಬಸ್ಸನ್ನು ಕಂಡು ಕ್ಲಚ್ಚನ್ನೂ ಬ್ರೇಕನ್ನೂ ಒತ್ತಿದೆವು. ಯಂತ್ರವು ಅಲ್ಲಿಯೇ ಆರಿತು. ಮೊದಲ ಒತ್ತಿಗೆ ಬ್ರೇಕು ಹಿಡಿಯಿತು. ಬಿಟ್ಟು ಮತ್ತೆ ಒತ್ತುವಷ್ಟರಲ್ಲಿ ಪೆಡಲು ಕಲ್ಲಿನಂತೆ ಗಡುಸಾಗಿದ್ದಿತು. ಮೈಯ ಬಲವನ್ನೆಲ್ಲಾ ಹಾಕಿ ನಿಲ್ಲಿಸಿದಾಗ ಬಸ್ಸಿಗೂ ನಮಗೂ ಒಂದು ಮೊಳದ ಅಂತರವಿದ್ದಿತು. ಅನೇಕ ಕಾರುಗಳಲ್ಲಿ ಬ್ರೇಕಿಗೆ ನೆರವಾಗುವ ನಿರ್ವಾತವನ್ನು ಒದಗಿಸುವುದು ಯಂತ್ರವೇ. ಅದು ನಿಂತರೆ ಶೇಖರವಾಗಿರುವ ನೆರವು ಒಂದೆರಡು ಒತ್ತಿಗೆ ಮುಗಿದುಹೋಗುವುದು. ಪವರ್ ಸ್ಟಿಯರಿಂಗೂ ಹಾಗೆಯೇ ಭಾರವಾಗುವುದು. ಆದುದರಿಂದ ಈ ದೋಷವನ್ನು ಬರಿಯ ಕಿರಿಕಿರಿಯೆಂದು ಎಣಿಸಬಾರದು.

ಇದು ಹೇಗೆ ಆಗುವುದು? ನಮ್ಮ ಹಿರಿಯರು ಕಪಿಲೆ ಹೊಡೆಯುತ್ತಿದ್ದುದನ್ನು ನೆನೆದುಕೊಂಡರೆ ಸುಲಭವಾಗಿ ತಿಳಿಯುವುದು. ಬರಿಯ ಬಾನಿಯನ್ನು ಬಾವಿಗೆ ಇಳಿಸುವಾಗ ಎತ್ತುಗಳಿಗೆ ಶ್ರಮವಿಲ್ಲ. ಬಾನಿ ತುಂಬಿತೆಂದರೆ ಹಗ್ಗ ಬಿಗಿಯುವುದು. ಜಾಣನಾದ ಒಕ್ಕಲಿಗನು ಆ ಭಾರ ಬೀಳುವ ವೇಳೆಗೆ ಸರಿಯಾಗಿ ಎತ್ತುಗಳನ್ನು ಹುರಿದುಂಬಿಸುವನು. ಕಾರು ನಿಂತಿರುವಾಗ ಯಂತ್ರವು ತನ್ನನ್ನು ತಾನು ತಿರುಗಿಸಿಕೊಳ್ಳುವಷ್ಟು ಗಾಳಿಯನ್ನೂ ಪೆಟ್ರೋಲನ್ನೂ ಮಾತ್ರ ಸೇವಿಸುತ್ತಿರುವುದು. ಇದನ್ನೇ ಷೆಡ್ಡಿನವರು ‘ಐಡ್ಲಿಂಗ್’ ಎನ್ನುವರು. ಆಗ ಎ.ಸಿ.ಯ ಕಂಪ್ರೆಸರ್ ಬೆಲ್ಟಿನ ಮೂಲಕ ಹೊರೆಯಾಗಿ ಬೀಳುವುದು. ಆ ಹೊರೆಗೆ ಸರಿಯಾಗಿ ತುಸು ಹೆಚ್ಚು ಗಾಳಿಯನ್ನು ಬಿಡುವ ಉಪಾಯವೊಂದು ಪ್ರತಿ ಎ.ಸಿ. ಕಾರಿನಲ್ಲಿಯೂ ಇರುವುದು. ಕಾರ್ಬುರೇಟರಿನ ಕಾರುಗಳಲ್ಲಿ ಇದು ಒಂದು ಸಣ್ಣ ರಬ್ಬರು ಕೊಳವೆ, ಒಂದು ವಿದ್ಯುತ್ ವಾಲ್ವು, ಒಂದು ರಬ್ಬರು ಪೊರೆ ಇವುಗಳಿಂದಾದುದು, ಎಂ.ಪಿ.ಎಫ್.ಐ. ಕಾರುಗಳಲ್ಲಿ ಗಣಕದ ಅಪ್ಪಣೆಯಂತೆ ತೆರೆದು ಮುಚ್ಚುವ ಐಡಲ್ ವಾಲ್ವು. ಇವು ಮಂದವಾದರೆ, ಭಾರವು ಬೀಳುವುದು, ಹುರಿದುಂಬಿಸುವವನು ಮಾತ್ರ ನಿದ್ರಿಸುತ್ತಿರುವನು!

ಮೋಟಾರಿಗೆ ಈ ಹೊರೆಯು ಹೊಸತಲ್ಲ. ಅಮೆರಿಕದ ಪ್ಯಾಕಾರ್ಡ್ ಸಂಸ್ಥೆಯವರು 1939ರಲ್ಲಿ ಮೊದಲು ತೋರಿಸಿದ ತಂಪು ಕಾರಿನಲ್ಲಿ ಕಂಪ್ರೆಸರನ್ನು ಬಿಡಿಸುವ ಕ್ಲಚ್ಚೇ ಇರಲಿಲ್ಲ; ತಂಪು ಬೇಡವೆಂದರೆ ಯಂತ್ರವನ್ನು ನಿಲ್ಲಿಸಿ, ಮುಂಬಾಗಿಲು ತೆರೆದು, ಬೆಲ್ಟನ್ನೇ ಕಳಚಬೇಕಾಗಿದ್ದಿತು. ಅದು ಭಾರಿ ಯಂತ್ರದ ಕಾರು, ಹೊರೆಯನ್ನು ತಾಳಿತು. ನಮ್ಮ ದೇಶದಲ್ಲಿ 1983ರ ಡಿಸೆಂಬರಿನಲ್ಲಿ ಹೊರಬಿದ್ದು, 2014ರವರೆಗೆ ತಯಾರಾದ ಮಾರುತಿ 800ರ ಯಂತ್ರವಾದರೋ ಮೂರು ಸಿಲಿಂಡರಿನ, 796 ಸಿ.ಸಿ.ಯ ಪುಟ್ಟ ಯಂತ್ರ. ಮೊದಮೊದಲಿನ ಗಾಡಿಗಳ ಪೂರ್ಣ ಬಲವೇ 40 ಕುದುರೆಶಕ್ತಿಗೆ ಮುಟ್ಟದು. ನಿಂತಲ್ಲಿ ತಿರುಗುವಾಗ ಅದರ ಅಲ್ಪಾಂಶವೇ ಹುಟ್ಟುವುದರಿಂದ, ಒಂದೆರಡು ಕುದುರೆಶಕ್ತಿಯ ಬೇಡಿಕೆಯೂ ಅದಕ್ಕೆ ದೊಡ್ಡದೇ.

ಇನ್ನು ಪರಿಹಾರದ ಮಾತು. ನಾವು ಮೊದಲು ಹೋದ ಷೆಡ್ಡಿನಲ್ಲಿ ಒಂದು ತಿರುಪನ್ನು ತಿರುಗಿಸಿ ವೇಗವನ್ನು ಹೆಚ್ಚಿಸಿಕೊಟ್ಟರು. ಒಂದು ತಿಂಗಳು ಚೆನ್ನಾಗಿದ್ದಿತು. ಆದರೆ ಎ.ಸಿ. ಇಲ್ಲದಾಗ ಗಾಡಿಯು ಸುಮ್ಮನೆ ಗರ್ಜಿಸುವುದು, ಪೆಟ್ರೋಲು ಹೆಚ್ಚು ಉರಿಯುವುದು. ತಿಂಗಳಾದ ಮೇಲೆ ಹಳೆಯ ರೋಗವೂ ಮರಳಿ ಬಂದಿತು. ಕಡೆಗೆ ಮಧುಗಿರಿಯ ವೃದ್ಧ ಮೆಕ್ಯಾನಿಕ್ ಒಬ್ಬರು ಗಾಳಿಯ ದಾರಿಯನ್ನು ಬಿಚ್ಚಿ ತೋರಿಸಿ, “ಸ್ವಾಮಿ, ಗಾಡಿಗೆ ಮೂಗು ಕಟ್ಟಿದೆ, ನೀವು ಬೆನ್ನಿಗೆ ಹೊಡೆಸುತ್ತಿದ್ದೀರಿ” ಎಂದರು. ಥ್ರಾಟಲ್ ಎಂಬ ಗಾಳಿಬಾಗಿಲಿನ ಅಂಚಿನಲ್ಲಿ, ಹೊಗೆಯೊಲೆಯ ಮೇಲಿನ ಜಂತಿಯಂತೆ, ಕರಿ ಜಿಡ್ಡು ಕಟ್ಟಿಕೊಂಡಿದ್ದಿತು. ಅವರಿಂದ ಕಲಿತ ಪರೀಕ್ಷಾಕ್ರಮವನ್ನು ಇಲ್ಲಿ ಕೊಡುವೆವು.

ಮೊದಲನೆಯದಾಗಿ, ಯಂತ್ರವು ಚೆನ್ನಾಗಿ ಬಿಸಿಯಾದ ಮೇಲೆ ಎ.ಸಿ.ಯನ್ನು ಆರಿಸಿ ಆಲಿಸಬೇಕು. ಆಗಲೂ ಯಂತ್ರವು ಕುಂಟುತ್ತಿದ್ದರೆ ದೋಷವು ಎ.ಸಿ.ಯದಲ್ಲ. ಏರ್ ಫಿಲ್ಟರನ್ನು ನೋಡಬೇಕು. ಮಣ್ಣುದಾರಿಯ ಧೂಳೂ ಕಡಲೆಕಾಯಿ ಒಕ್ಕುವ ಕಾಲದ ಹೊಟ್ಟೂ ಈ ತಾಲ್ಲೂಕುಗಳಲ್ಲಿ ಅದನ್ನು ಬೇಗ ಮುಚ್ಚುವುವು. ಪ್ಲಗ್ಗುಗಳನ್ನೂ, ಬಿರುಕುಬಿಟ್ಟ ರಬ್ಬರು ಕೊಳವೆಗಳನ್ನೂ ಪರೀಕ್ಷಿಸಬೇಕು. ಇತ್ತೀಚೆಗೆ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲು ಬೆರೆತು ಬರುತ್ತಿರುವುದು. ಅದು ಹಳೆಯ ರಬ್ಬರನ್ನು ಬೇಗ ಕೆಡಿಸಬಹುದು. ಹಳೆಯ ಕಾರ್ಬುರೇಟರಿನ ಮಿಶ್ರಣವನ್ನು ತುಸು ತೆಳುವಾಗಿಸುವುದು. ಆದುದರಿಂದ ಕೊಳವೆಗಳ ಕಡೆಗೆ ಮೊದಲಿಗಿಂತ ಹೆಚ್ಚು ಗಮನವಿರಬೇಕು.

ಎರಡನೆಯದಾಗಿ, ಎ.ಸಿ. ಇಲ್ಲದಾಗ ಸರಿಯಾಗಿದ್ದು, ಹಾಕಿದೊಡನೆ ವೇಗವು ಕುಸಿದರೆ, ಹುರಿದುಂಬಿಸುವ ಉಪಾಯವೇ ಕೆಟ್ಟಿದೆಯೆಂದು ತಿಳಿಯಬೇಕು. ಆರೋಗ್ಯವಾದ ಗಾಡಿಯಲ್ಲಿ ಎ.ಸಿ. ಹತ್ತಿದಾಗ ವೇಗವು ಕ್ಷಣಕಾಲ ತಗ್ಗಿ, ಒಡನೆಯೇ ಮೊದಲಿದ್ದಷ್ಟಕ್ಕೆ ಅಥವಾ ತುಸು ಮೇಲಕ್ಕೆ ಏರುವುದು. ಏರದಿದ್ದರೆ ಕಾರ್ಬುರೇಟರಿನ ಗಾಡಿಯಲ್ಲಿ ಆ ಸಣ್ಣ ಕೊಳವೆ, ಪೊರೆ, ವಾಲ್ವುಗಳನ್ನೂ, ಎಂ.ಪಿ.ಎಫ್.ಐ. ಗಾಡಿಯಲ್ಲಿ ಥ್ರಾಟಲ್ ಮತ್ತು ಐಡಲ್ ವಾಲ್ವುಗಳನ್ನೂ ಶುಚಿ ಮಾಡಿಸಬೇಕು. ಇದಕ್ಕೆ ಅಂಗಡಿಯಲ್ಲಿ ದೊರೆಯುವ ಕ್ಲೀನರು ದ್ರವವು ಬೇಗ ಹೊತ್ತಿಕೊಳ್ಳುವಂತಹುದು. ಯಂತ್ರವು ಆರಿ ತಣ್ಣಗಿರುವಾಗ, ಬಯಲಿನಲ್ಲಿ, ಬೀಡಿ ಬೆಂಕಿಗಳಿಂದ ದೂರವಾಗಿ ಮೆತ್ತನೆಯ ಬಟ್ಟೆಯಿಂದ ಒರಸಬೇಕು. ಚಾಕು ಉಕ್ಕುಗಳಿಂದ ಕೆರೆಯಬಾರದು. ಶುಚಿಯಾದ ಮೇಲೆ ಹಲವು ಗಾಡಿಗಳ ಗಣಕವು ಹೊಸ ಸ್ಥಿತಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕಾಗುವುದು, ಅಷ್ಟರಲ್ಲಿ ಗಾಬರಿಯಾಗಬಾರದು.

ಮೂರನೆಯದಾಗಿ, ವೇಗವು ಏರಿದರೂ ಯಂತ್ರವು ತಿಣುಕುತ್ತಿದ್ದರೆ ಹೊರೆಯೇ ಅತಿಯಾಗಿದೆಯೆಂದು ಅರ್ಥ. ಗಾಡಿಯ ಮೂತಿಯಲ್ಲಿರುವ ಕಂಡೆನ್ಸರಿಗೆ ಧೂಳೂ ಸತ್ತ ಹುಳುಗಳೂ ಮೆತ್ತಿಕೊಂಡಿದ್ದರೆ, ಅಥವಾ ಅದರ ಫ್ಯಾನು ತಿರುಗದಿದ್ದರೆ, ಅನಿಲವು ತಣಿಯದೆ ಒತ್ತಡವೇರಿ ಕಂಪ್ರೆಸರಿಗೆ ಬಲವು ಹೆಚ್ಚು ಬೇಕಾಗುವುದು. ಓಡುವಾಗ ಎದುರುಗಾಳಿಯು ತಣಿಸುವುದರಿಂದ ಈ ದೋಷವು ಮರೆಯಾಗಿದ್ದು, ನಿಂತಾಗಲೇ ಹೊರಬೀಳುವುದು. ಅದರ ತೆಳು ರೆಕ್ಕೆಗಳು ಬಾಗದಂತೆ ಮೆಲ್ಲನೆಯ ನೀರಿನಿಂದ ತೊಳೆದರೆ ಎಷ್ಟೋ ವೇಳೆ ಅಷ್ಟೇ ಸಾಕಾಗುವುದು. ಅನಿಲವನ್ನು ಅಳತೆ ಮೀರಿ ತುಂಬಿದ್ದರೂ ಹೊರೆ ಹೆಚ್ಚುವುದು. ಆದರೆ ಆ ಕೊಳವೆಗಳನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು. ಬ್ಯಾಟರಿಯನ್ನೂ ಅಳೆಸಿ ನೋಡಬೇಕು. ಯಂತ್ರವು ತಿರುಗುತ್ತಿರುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟುಗಳವರೆಗೆ ಇರಬೇಕು.

ಕಡೆಯದಾಗಿ, ಇಷ್ಟೆಲ್ಲಾ ಆದ ಮೇಲೆಯೇ ತಿರುಪಿನ ಮಾತು. ಅದೂ ಊಹೆಯಿಂದಲ್ಲ, ಮುಂಬಾಗಿಲಿನ ಒಳಗಿನ ಚೀಟಿಯಲ್ಲಾಗಲಿ ಗಾಡಿಯ ಪುಸ್ತಕದಲ್ಲಾಗಲಿ ಕೊಟ್ಟಿರುವ ಅಂಕಿಯಂತೆ, ದೀಪ, ಫ್ಯಾನು, ಎ.ಸಿ.ಗಳನ್ನೆಲ್ಲಾ ಆರಿಸಿ, ಬಿಸಿಯಾದ ಯಂತ್ರದಲ್ಲಿ ಹೊಂದಿಸಬೇಕು. ಈ ಪರೀಕ್ಷೆಗಳನ್ನು ಮುಚ್ಚಿದ ಕೊಟ್ಟಿಗೆಯೊಳಗೆ ಎಂದಿಗೂ ಮಾಡಕೂಡದು. ಹೊಗೆಯಲ್ಲಿ ವಾಸನೆಯಿಲ್ಲದ ಪ್ರಾಣಾಂತಕ ವಿಷಾನಿಲವಿರುವುದು. ತಿರುಗುವ ಬೆಲ್ಟಿನ ಬಳಿಗೆ ಸೆರಗು, ಟವಲು, ಮಕ್ಕಳ ಕೈ ಸುಳಿಯದಿರಲಿ.

ಮಧುಗಿರಿಯ ಆ ವೃದ್ಧರು ನಮ್ಮ ಗಾಡಿಯ ಗಾಳಿದಾರಿಯನ್ನು ಒರಸಿ, ವಾಲ್ವನ್ನು ಶುಚಿ ಮಾಡಿ, ಮೊದಲು ಹೆಚ್ಚಿಸಿದ್ದ ತಿರುಪನ್ನು ಹಿಂದಕ್ಕೆ ತಿರುಗಿಸಿದರು. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ. ಬಳಿಕ ಶ್ರಾವಣದ ಒಂದು ಶುಕ್ರವಾರ ತಾಯಿಯವರನ್ನು ಗೊರವನಹಳ್ಳಿಯ ಲಕ್ಷ್ಮೀದೇವಿಯ ಸನ್ನಿಧಿಗೆ ಕರೆದೊಯ್ದೆವು. ಗಾಡಿಗಳ ಸಾಲಿನಲ್ಲಿ ಬಹಳ ಹೊತ್ತು ನಿಲ್ಲಬೇಕಾಯಿತು. ಎ.ಸಿ.ಯು ‘ಟಕ್’ ಎಂದಾಗಲೆಲ್ಲಾ ನಮ್ಮ ಕಾಲು ಅಭ್ಯಾಸಬಲದಿಂದ ಆಕ್ಸಿಲರೇಟರಿನ ಕಡೆಗೆ ಹೋಗುತ್ತಿದ್ದಿತು. ಗಾಡಿಯು ಮಾತ್ರ ತನ್ನಷ್ಟಕ್ಕೆ ತಾನೇ ಉಸಿರು ತೆಗೆದುಕೊಂಡು ನೆಟ್ಟಗೆ ನಿಂತಿದ್ದಿತು. ಹಿಂದೆ ತಿರುಗಿ ನೋಡಿದರೆ ತಾಯಿಯವರು ತಂಪಿನಲ್ಲಿ ನಿದ್ರೆಹೋಗಿದ್ದರು.

ಹಳೆಯ ವಸ್ತುವು ದಣಿದಾಗ ಅದನ್ನು ಇನ್ನಷ್ಟು ಬಲವಾಗಿ ಓಡಿಸುವುದು ನಮ್ಮ ಮೊದಲ ಯೋಚನೆ. ಅದರ ಉಸಿರಿಗೆ ಅಡ್ಡವಾಗಿರುವುದೇನೆಂದು ನೋಡುವುದು ಕಡೆಯದು. ವಾಚಕರು ಈ ಎರಡನ್ನೂ ತಿರುಗುಮುರುಗು ಮಾಡಿಕೊಂಡರೆ ಹಣವೂ ಉಳಿಯುವುದು, ಬೇಸಿಗೆಯ ದಾರಿಯೂ ನಿರ್ಭಯವಾಗುವುದು.