ಬಲಗಡೆಯ ಸೀಟಿನವರ ಮಾತು

ಹೊನ್ನಾವರದಿಂದ ಬೆಂಗಳೂರಿಗೆ ಹೊರಟ ರಾತ್ರಿ ಬಸ್ಸು ಗೇರುಸೊಪ್ಪೆ ಘಾಟಿ ಹತ್ತುವಾಗ ಒಬ್ಬ ಡ್ರೈವರ್ ಸ್ಟೀರಿಂಗ್ ಹಿಡಿದಿದ್ದರೆ ಇನ್ನೊಬ್ಬರು ಮಲಗಿರುತ್ತಾರೆ. ನಡುರಾತ್ರಿ ಕಳೆದು ಎಲ್ಲೋ ಚಹಾಕ್ಕೆ ನಿಂತಾಗ ಅದಲುಬದಲು. ಇದನ್ನೇ ನೋಡಿ ರೂಢಿಯಾದವರಿಗೆ ವಿಮಾನದ ಇಬ್ಬರು ಪೈಲಟ್‌ಗಳದ್ದೂ ಇದೇ ಲೆಕ್ಕ ಅನ್ನಿಸುವುದು ಸಹಜ: ಒಬ್ಬರು ದಣಿದರೆ ಇನ್ನೊಬ್ಬರು. ಕಾಕ್‌ಪಿಟ್ಟಿನ ಲೆಕ್ಕ ಹಾಗಿಲ್ಲ. ಅಲ್ಲಿ ಇಬ್ಬರೂ ಏಕಕಾಲಕ್ಕೆ ಕೆಲಸದಲ್ಲಿರುತ್ತಾರೆ, ಮತ್ತು ಒಬ್ಬರ ಮುಖ್ಯ ಕೆಲಸವೇ ಇನ್ನೊಬ್ಬರನ್ನು ಗಮನಿಸುವುದು.

ಭಟ್ಕಳ, ಹೊನ್ನಾವರ, ಕುಮಟಾದ ಮನೆಗಳಿಗೆ ಇದು ಎಲ್ಲೋ ದೂರದ ಸಂಗತಿಯಲ್ಲ. ಭಟ್ಕಳದಲ್ಲಂತೂ ದುಬೈಯಲ್ಲೋ ಸೌದಿಯಲ್ಲೋ ದುಡಿಯುವ ಒಬ್ಬರಾದರೂ ಇಲ್ಲದ ಓಣಿ ಸಿಗುವುದು ಕಷ್ಟ. ಈ ಊರುಗಳ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲ. ಊರಿಗೆ ಬರುವವರು ಉತ್ತರದಲ್ಲಿ ಗೋವಾಕ್ಕೆ ಇಳಿಯಬೇಕು, ಇಲ್ಲವೇ ದಕ್ಷಿಣದಲ್ಲಿ ಮಂಗಳೂರಿನ ಬಜ್ಪೆಗೆ. ಬಜ್ಪೆಯದ್ದು ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ. ತುದಿ ದಾಟಿದರೆ ಕಂದಕ.

ಕಾಕ್‌ಪಿಟ್ಟಿನಲ್ಲಿ ಎಡಗಡೆ ಕೂರುವವರು ಕ್ಯಾಪ್ಟನ್, ಭುಜದ ಮೇಲೆ ನಾಲ್ಕು ಪಟ್ಟಿ. ಬಲಗಡೆ ಕೂರುವವರು ಫಸ್ಟ್ ಆಫೀಸರ್, ಜನ ಕೋಪೈಲಟ್ ಅನ್ನುವುದು ಇವರಿಗೇ. ಇವರು ಕಲಿಯಲು ಬಂದ ಶಿಷ್ಯರಲ್ಲ, ಅದೇ ವಿಮಾನ ಹಾರಿಸಲು ಪರೀಕ್ಷೆ ಪಾಸಾದ ಪೂರ್ಣ ಪೈಲಟ್. ಸಾಮಾನ್ಯವಾಗಿ ಮಂಗಳೂರಿನಿಂದ ದುಬೈಗೆ ಒಬ್ಬರು ಹಾರಿಸಿದರೆ ಮರಳುವಾಗ ಇನ್ನೊಬ್ಬರು. ಆಗ ಉಳಿದವರ ಪಾಲಿಗೆ ರೇಡಿಯೋ ಮಾತು, ಚೆಕ್‌ಲಿಸ್ಟ್, ವೇಗ ಮತ್ತು ಎತ್ತರದ ಕಾವಲು.

ಟೇಕಾಫ್ ಹೊತ್ತಿನ ಅರ್ಧ ನಿಮಿಷ ನೋಡಿದರೆ ಈ ಪಾಲುದಾರಿಕೆ ತಿಳಿಯುತ್ತದೆ. ಫಸ್ಟ್ ಆಫೀಸರೇ ಹಾರಿಸುತ್ತಿದ್ದರೂ ಎಷ್ಟೋ ಕಂಪನಿಗಳಲ್ಲಿ ಎಂಜಿನ್ ಲಿವರ್‌ಗಳ ಮೇಲೆ ಕ್ಯಾಪ್ಟನ್ನರ ಕೈ ಇರುತ್ತದೆ, ಏನಾದರೂ ಆದರೆ ನಿಲ್ಲಿಸಲು. ಗಮನಿಸುವವರು ವೇಗದ ಅಂಕಿಯನ್ನು ಕೂಗುತ್ತಾರೆ. ಹಾರಿಸುವವರು ತಮ್ಮ ಮುಂದಿನ ಪರದೆಯನ್ನು ನೋಡಿ ‘ಚೆಕ್ಡ್’ ಅನ್ನಬೇಕು. ಒಂದೇ ಮಾತಿನಲ್ಲಿ ಎರಡು ಪರೀಕ್ಷೆ: ಎರಡೂ ಕಡೆಯ ಅಂಕಿ ಒಂದೇ ಇದೆಯೇ, ಪಕ್ಕದವರು ಎಚ್ಚರವಾಗಿದ್ದಾರೆಯೇ. ಕರೆಗೆ ಉತ್ತರ ಬರಲಿಲ್ಲ, ಮತ್ತೆ ಕರೆದರೂ ಬರಲಿಲ್ಲ ಎಂದರೆ ಅವರಿಗೆ ಏನೋ ಆಗಿದೆ ಎಂದೇ ತಿಳಿದು ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕು. ಇನ್ನು ರನ್‌ವೇಯಲ್ಲೇ ನಿಲ್ಲಿಸಲು ಸಾಧ್ಯವಿಲ್ಲ ಎನ್ನುವ ವೇಗ ಬಂದ ಕ್ಷಣ ಕ್ಯಾಪ್ಟನ್ ಲಿವರ್ ಮೇಲಿನ ಕೈ ತೆಗೆಯುತ್ತಾರೆ. ನೆಲ ಬಿಟ್ಟ ವಿಮಾನ ಮೇಲೇರುತ್ತಿದೆ ಎಂದು ಒಬ್ಬರು ಹೇಳದೆ ಇನ್ನೊಬ್ಬರು ಚಕ್ರ ಮಡಚಲು ಹೇಳುವಂತಿಲ್ಲ.

ಒಂದು ಕಾಲದಲ್ಲಿ ಕಾಕ್‌ಪಿಟ್ಟಿನಲ್ಲಿ ಐವರಿರುತ್ತಿದ್ದರು. ರೇಡಿಯೋದವರು ಹೋದರು, ದಿಕ್ಕು ಲೆಕ್ಕ ಹಾಕುವ ನ್ಯಾವಿಗೇಟರ್ ಹೋದರು, 1980ರ ದಶಕದಲ್ಲಿ ಕಂಪ್ಯೂಟರ್ ಬಂದು ಎಂಜಿನ್‌ಗಳ ಮೇಲೆ ಕಣ್ಣಿಡುವ ಫ್ಲೈಟ್ ಎಂಜಿನಿಯರ್ ಕೂಡ ಇಳಿದುಹೋದರು. ಇಬ್ಬರು ಉಳಿದರು.

ಇಬ್ಬರಿದ್ದೂ ಸಾಲದೇ ಹೋದ ದಿನವನ್ನು ಕರಾವಳಿ ಮರೆತಿಲ್ಲ. 2010ರ ಮೇ 22, ಬೆಳಗಿನ ಆರು ಗಂಟೆ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಬಜ್ಪೆಯ ರನ್‌ವೇ ದಾಟಿ ಕಂದಕಕ್ಕೆ ಉರುಳಿತು. ಒಳಗಿದ್ದ 166 ಜನರಲ್ಲಿ 158 ಮಂದಿ ಸತ್ತರು, ಎಂಟು ಮಂದಿ ಬದುಕಿದರು.

ತನಿಖಾ ವರದಿ ಓದಿದರೆ ಕರುಳು ಹಿಂಡುತ್ತದೆ. ಧ್ವನಿಮುದ್ರಕದಲ್ಲಿದ್ದದ್ದು ಕೊನೆಯ ಎರಡು ಗಂಟೆ ಐದು ನಿಮಿಷ. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಪೈಲಟ್‌ಗಳ ನಡುವೆ ಮಾತೇ ಇಲ್ಲ, ಕೇಳುವುದು ಗೊರಕೆ. ಹತ್ತು ಸಾವಿರ ಗಂಟೆಗೂ ಹೆಚ್ಚು ಹಾರಾಟದ ಅನುಭವವಿದ್ದ ಕ್ಯಾಪ್ಟನ್ ನಿದ್ರಿಸಿದ್ದರು. ಆ ದಿನಗಳಲ್ಲಿ ಮಂಗಳೂರಿನ ರೇಡಾರ್ ಕೆಟ್ಟಿದ್ದರಿಂದ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೂ ತಡವಾಗಿ. ರನ್‌ವೇ ಹತ್ತಿರ ಬಂದಾಗ ಇರಬೇಕಾದ್ದಕ್ಕಿಂತ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ಫಸ್ಟ್ ಆಫೀಸರ್ ಅದನ್ನು ಕಂಡರು. ಇಳಿಸುವುದು ಬೇಡ, ಮೇಲೆದ್ದು ಸುತ್ತು ಹಾಕಿ ಬರೋಣ ಎನ್ನುವ ‘ಗೋ ಅರೌಂಡ್’ ಕರೆಯನ್ನು ಮೂರು ಸಲ ಕೊಟ್ಟರು. ಯಂತ್ರವೂ ಎಚ್ಚರಿಸುತ್ತಲೇ ಇತ್ತು. ಕ್ಯಾಪ್ಟನ್ ಇಳಿಸಿದರು. 2,450 ಮೀಟರ್ ರನ್‌ವೇಯಲ್ಲಿ ಚಕ್ರ ನೆಲಕ್ಕೆ ತಾಗುವ ಹೊತ್ತಿಗೆ ಸುಮಾರು 1,600 ಮೀಟರ್ ಕಳೆದುಹೋಗಿತ್ತು.

ಎಲ್ಲಕ್ಕಿಂತ ಮುಖ್ಯವಾದ ಮಾತು ವರದಿಯ ಕೊನೆಯ ಭಾಗದಲ್ಲಿದೆ. ಕೋಪೈಲಟ್ ತಾನೇ ವಿಮಾನವನ್ನು ಮೇಲೆತ್ತಬಹುದೇ ಎಂಬುದರ ಬಗ್ಗೆ ನಿಯಮಗಳು ಸ್ಪಷ್ಟವಾಗಿರಲಿಲ್ಲ, ಪ್ರಾಯಶಃ ಅದರಿಂದಲೇ ಅವರು ಕೂಗಿದರೇ ಹೊರತು ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ ಎಂದು ತನಿಖಾಧಿಕಾರಿಗಳು ಬರೆದರು. ಬಲಗಡೆಯ ಸೀಟಿನಲ್ಲಿ ಕಣ್ಣಿತ್ತು, ಬಾಯಿಯೂ ಇತ್ತು. ಅಧಿಕಾರದ ಬಗ್ಗೆ ಅನುಮಾನವಿತ್ತು.

ಹೊನ್ನಾವರದ ಮೀನುಗಾರರಿಗೆ ಇದು ಥಟ್ಟನೆ ಅರ್ಥವಾಗುವ ವಿಷಯ. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಹೂಳು ತುಂಬಿ ದೋಣಿಗಳು ಮಗುಚಿದ್ದು ಎಷ್ಟೋ ಸಲ. ಬೋಟು ನಡೆಸುವ ತಾಂಡೇಲನ ಮಾತೇ ಅಲ್ಲಿ ಕೊನೆ. ಆದರೆ ಮುಂದೆ ನಿಂತವನು ನೀರಿನ ಬಣ್ಣ ಬದಲಾದದ್ದನ್ನು ಕಂಡು ಕೂಗಿದಾಗ ತಾಂಡೇಲ ತನ್ನ ಹಿರಿತನ ನೆನೆಯುತ್ತ ಕೂತರೆ ಬೋಟು ಮರಳಿಗೆ ಹತ್ತುತ್ತದೆ.

ಹಿರಿಯರಿಗೆ ಎದುರಾಡಬಾರದು ಎಂದೇ ಬೆಳೆದ ನಮ್ಮಲ್ಲಿ ಹಿರಿಯರ ತಪ್ಪನ್ನು ಎತ್ತಿ ಹೇಳಲು ಕಲಿಸುವುದು ಸುಲಭವಲ್ಲ. ಕಲಿಸಲೇಬೇಕಾಯಿತು, ಅದೂ ಜಗತ್ತಿನಾದ್ಯಂತ. 1977ರಲ್ಲಿ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಜಂಬೊಜೆಟ್ ಡಿಕ್ಕಿಯಾಗಿ 583 ಮಂದಿ ಸತ್ತಾಗಲೂ, ಎದುರಿನ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಹಿರಿಯ ಕ್ಯಾಪ್ಟನ್ ಆ ಸಂಶಯವನ್ನು ತಳ್ಳಿಹಾಕಿದ್ದರು. 1979ರಲ್ಲಿ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು. ಕಿರಿಯರು ಹೇಗೆ ಹೇಳಬೇಕು, ಹಿರಿಯರು ಹೇಗೆ ಕೇಳಬೇಕು ಎಂಬ ತರಬೇತಿ ಅಲ್ಲಿಂದ ಬೆಳೆದು ಈಗ ಎಲ್ಲೆಡೆ ಕಡ್ಡಾಯ. ಗಗನಸಖಿಯರಿಗೂ ಇದೆ.

ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಎಂಬ ಲೆಕ್ಕವೂ ಸುಳ್ಳಲ್ಲ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂದಿನ ಗಾಜು ಆಕಾಶದಲ್ಲೇ ಕಿತ್ತುಹೋಗಿ ಕ್ಯಾಪ್ಟನ್ನರ ಅರ್ಧ ದೇಹ ಹೊರಗೆ ಸೆಳೆದುಹೋಯಿತು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಕೋಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಸೇರಿ ಎಲ್ಲರೂ ಬದುಕಿದರು. ಇಬ್ಬರಿಗೂ ಒಂದೇ ಊಟ ಬೇಡ ಎಂದು ಹಲವು ಕಂಪನಿಗಳು ಹೇಳುವುದೂ ಇಂಥ ಭಯಕ್ಕೇ: ಆಹಾರ ಕೆಟ್ಟಿದ್ದರೆ ಇಬ್ಬರೂ ಒಟ್ಟಿಗೆ ಮಲಗಬಾರದು.

ಬಸ್ಸಿನ ಹಾಗೆ ಸರದಿಯಲ್ಲಿ ನಿದ್ರೆ ಮಾಡುವುದು ಬಹಳ ದೂರದ ಹಾರಾಟದಲ್ಲಿ ಮಾತ್ರ, ಅದಕ್ಕೆ ಹೆಚ್ಚುವರಿ ಪೈಲಟ್‌ಗಳು ಬೇಕು. 2021ರ ಜನವರಿ 11ರಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದಿಳಿದ ಏರ್ ಇಂಡಿಯಾದ ಮೊದಲ ನೇರ ವಿಮಾನದಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಜತೆ ಇನ್ನೂ ಮೂವರು ಪೈಲಟ್‌ಗಳಿದ್ದರು, ನಾಲ್ವರೂ ಮಹಿಳೆಯರು. ದುಬೈ–ಮಂಗಳೂರಿನಂಥ ನಾಲ್ಕು ಗಂಟೆಯೊಳಗಿನ ಹಾರಾಟಕ್ಕೆ ಇಬ್ಬರೇ. ಹಾಗಾಗಿ ಅವರು ನಿದ್ರೆ ಮುಗಿಸಿಯೇ ಬರಬೇಕು. ವಾರದ ಕಡ್ಡಾಯ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ ನಿಯಮವನ್ನು ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರಲ್ಲಿ ಪ್ರಕಟಿಸಿದ್ದು ಈ ಕಾರಣಕ್ಕೆ. ಟಿಕೆಟ್ ದರ ಸ್ವಲ್ಪ ಏರಿದರೂ ಸರಿ, ಇದರಲ್ಲಿ ರಾಜಿ ಕೂಡದು.

ಕಂಪ್ಯೂಟರ್ ಇಷ್ಟು ಜಾಣವಾಗಿರುವಾಗ ಒಬ್ಬರೇ ಸಾಲದೇ ಎಂದು ವಿಮಾನ ತಯಾರಕರು ಕೇಳತೊಡಗಿದ್ದಾರೆ. ಸದ್ಯದ ಕಾಕ್‌ಪಿಟ್ಟಿನಲ್ಲಿ ಅದು ಇಬ್ಬರಿರುವಷ್ಟೇ ಸುರಕ್ಷಿತ ಎನ್ನಲಾಗದು ಎಂದು ಐರೋಪ್ಯ ಒಕ್ಕೂಟದ ವಿಮಾನ ಸುರಕ್ಷತಾ ಸಂಸ್ಥೆ 2025ರಲ್ಲಿ ಹೇಳಿದೆ.

ಭಟ್ಕಳದಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಕೂಳೂರಿನಲ್ಲಿ ಫಲ್ಗುಣಿ ನದಿಯನ್ನು ದಾಟುತ್ತದೆ. ತಣ್ಣೀರುಬಾವಿ ಕಡೆಯ ದಾರಿಯಲ್ಲಿ, ನದಿ ದಂಡೆಯ ಮೇಲೆ, 2010ರ ಆ ವಿಮಾನದಲ್ಲಿದ್ದು ಗುರುತೇ ಸಿಗದೆ ಉಳಿದ 12 ಮಂದಿಯನ್ನು ಮಣ್ಣು ಮಾಡಿದ ಜಾಗದಲ್ಲಿ ಸ್ಮಾರಕವಿದೆ. ಪ್ರತಿ ಮೇ 22ರಂದು ಅಲ್ಲಿ ಹೂವಿಡುತ್ತಾರೆ. ಗಲ್ಫ್‌ನಿಂದ ಬರುವವರನ್ನು ಕರೆತರಲು ಹೊರಟ ಭಟ್ಕಳ, ಹೊನ್ನಾವರದ ಕಾರುಗಳು ಬಜ್ಪೆಗೆ ಹೋಗುವುದು ಅದೇ ಹೆದ್ದಾರಿ ಹಿಡಿದು.